ನನ್ನ ಗಂಡನ ಎದೆಯೊಳಗೆ ಬಿಡಾರ ಹೂಡಿದ ಹುಸಿ ಉಬ್ಬಿಗೆ

ಮಾನ್ಯರೇ,

ಮಗುವನ್ನು ಹೆಗಲಿಗೆ ಹಾಕಿಕೊಂಡು ಒಂದೇ ಕೈಯಲ್ಲಿ ಬರೆಯುತ್ತಿದ್ದೇನೆ; ಇನ್ನೊಂದು ಕೈ ಬಿಡುವಾದ ಕೂಡಲೇ ತಮಗೆ ಸರಿಯಾಗಿ ಕೈಮುಗಿಯುತ್ತೇನೆ.

ಕೆಲವು ವರ್ಷಗಳ ಹಿಂದೆ ನನ್ನ ಗಂಡನ ಹೃದಯದ ಕವಾಟ ಬದಲಿಸಿ ಹಾಕಿದ ಹೊಲಿಗೆಯ ಸಂದಿನಿಂದ ನೆತ್ತರು ಚೂರುಚೂರೇ ಜಿನುಗಿ, ಮಹಾಧಮನಿಯ ಪಕ್ಕದಲ್ಲಿ ಸ್ವಂತ ಗೋಡೆಯೂ ಇಲ್ಲದ ಚೀಲವಾಗಿ ತಾವು ನೆಲೆಸಿದ್ದೀರಂತೆ; ಅದಕ್ಕೇ ತಮಗೆ ಹುಸಿ ಉಬ್ಬು ಎಂಬ ಹೆಸರಂತೆ. ಕೆಮ್ಮಿಗೆಂದು ಸ್ಕ್ಯಾನ್ ಮಾಡಿಸದಿದ್ದರೆ ತಾವಿರುವುದೇ ತಿಳಿಯುತ್ತಿರಲಿಲ್ಲ. ಇಷ್ಟು ಸದ್ದಿಲ್ಲದೆ ಉಳಿದುಕೊಳ್ಳುವ ಗುಣ ನಮ್ಮ ನೆಂಟರಿಗೂ ಬರಲಿ.

ಭಾರ ಎತ್ತಬಾರದು, ಎದೆಗೆ ಒತ್ತಡ ಬೀಳಬಾರದು ಎಂದಷ್ಟೇ ವೈದ್ಯರು ಹೇಳಿದ್ದು. ನಮ್ಮ ಅತ್ತೆ ಅದಕ್ಕೆ ನಗುವನ್ನೂ ಸೇರಿಸಿದರು. ನನ್ನ ಗಂಡ ಬಸ್ ಕಂಡಕ್ಟರ್. ಅವರು ನಕ್ಕರೆ ಡ್ರೈವರ್ ಗಾಬರಿಯಾಗಿ ಬ್ರೇಕ್ ಹಾಕುತ್ತಾರೆ. ಹಾಗಾಗಿ ಅತ್ತೆ, ನನ್ನ ಮಗನನ್ನು ನಗಿಸಿದವರ ಕಾಲು ಮುರೀತೀನಿ ಎಂದು ಘೋಷಿಸಿದ ಮೇಲೆ ಮನೆಯಲ್ಲಿ ಬರೀ ಗಂಭೀರ ಮಾತು. ಮಾವನವರು ದಿನವೂ ತಮ್ಮ ಮಲಬದ್ಧತೆಯ ವಿವರವನ್ನು ಒಪ್ಪಿಸಿದರು. ಅದಕ್ಕೂ ಇವರಿಗೆ ನಗು ಬಂತು. ಅಪ್ಪನ ಮುಖ ಕಂಡರೆ ಗಂಜಿ ಉಗುಳಿ ಬುರ್ ಎನ್ನುವ ಮಗುವನ್ನು ಗೋಡೆಯ ಕಡೆ ತಿರುಗಿಸಿ ಕೂರಿಸಿದೆವು. ಅದು ಗೋಡೆಗೇ ಬುರ್ ಎಂದಿತು. ಇವರು ದಿಂಬು ಕಚ್ಚಿಕೊಂಡು ನಗು ತಡೆದು ಟೊಮೇಟೊ ಹಣ್ಣಾದರು. ವಿಷಯ ಕೇಳಿದ ವೈದ್ಯರು, ಹೀಗೆ ಬಿಗಿಹಿಡಿಯೋದೇ ಅಪಾಯ, ನಕ್ಕುಬಿಡಿ ಮಾರಾಯರೇ ಎಂದರು. ಅತ್ತೆಗೆ ಆ ವೈದ್ಯರ ಮೇಲೆ ಇನ್ನೂ ಅನುಮಾನ.

ನಾಳೆ ಬೆಳಿಗ್ಗೆ ಶಸ್ತ್ರಚಿಕಿತ್ಸಕರೊಂದಿಗೆ ತಮ್ಮ ಭೇಟಿ ನಿಗದಿಯಾಗಿದೆ. ತಾವು ಎದೆಮೂಳೆಯ ಬೆನ್ನಿಗೇ ಅಂಟಿ ಕೂತಿರುವುದರಿಂದ ಆ ಮೂಳೆ ಸೀಳುವ ಗರಗಸ ತಗಲಿದರೆ ತಾವು ಒಡೆಯುತ್ತೀರಂತೆ. ಅದಕ್ಕೇ ಮೊದಲು ತೊಡೆಯ ರಕ್ತನಾಳಕ್ಕೆ ಹೃದಯದ ಕೆಲಸ ಮಾಡುವ ಯಂತ್ರ ಜೋಡಿಸಿ, ಮೈಯನ್ನೆಲ್ಲ ತಣ್ಣಗೆ ಮಾಡಿ, ಆಮೇಲೆ ಬಾಗಿಲು ತೆಗೆಯುತ್ತಾರೆ. ಇಂಥ ಸ್ವಾಗತ ಯಾವ ಮಂತ್ರಿಗೂ ಸಿಕ್ಕಿಲ್ಲ. ನನ್ನ ಕೋರಿಕೆ ಸಣ್ಣದು: ಗರಗಸ ಇಳಿಯುವಾಗ ತಾವು ಒಂದು ಬೆರಳಷ್ಟು ಹಿಂದೆ ಸರಿದು, ಉಸಿರು ಬಿಗಿಹಿಡಿದು ನಿಲ್ಲಬೇಕು. ತಮಗೆ ಉಸಿರಿಲ್ಲ ಎಂಬುದು ಗೊತ್ತು. ಆದರೂ ಪ್ರಯತ್ನಿಸಿ.

ಅವರು ಆಸ್ಪತ್ರೆ ಸೇರಿದಾಗಿನಿಂದ ಅವರ ಲೋಹದ ಕವಾಟದ ಟಿಕ್ ಟಿಕ್ ಇಲ್ಲದೆ ನನಗೆ ನಿದ್ದೆಯಿಲ್ಲ. ಗಡಿಯಾರವನ್ನು ದಿಂಬಿನ ಕೆಳಗಿಟ್ಟು ನೋಡಿದೆ. ಅದು ತೀರಾ ಶಿಸ್ತಿನದು. ನಾನು ಹತ್ತಿರ ಸರಿದರೂ ಅದರ ಬಡಿತ ಹೆಚ್ಚಾಗುವುದಿಲ್ಲ. ತಾವು ತೆರವು ಮಾಡಿದ ಜಾಗಕ್ಕೆ ವೈದ್ಯರು ಬಟ್ಟೆಯ ತೇಪೆ ಹೊಲಿದು ಅವರನ್ನು ವಾಪಸ್ ಕಳಿಸಿಕೊಡಲಿ, ಮಿಕ್ಕಿದ್ದು ನಾನು ನೋಡಿಕೊಳ್ಳುತ್ತೇನೆ.

ಎಳ್ಳಷ್ಟೂ ವಿಶ್ವಾಸವಿಲ್ಲದಿದ್ದರೂ ಸದ್ಯಕ್ಕೆ ತಮ್ಮ ವಿಶ್ವಾಸಿಯೇ ಆಗಿರುವ,
ಕಂಡಕ್ಟರ್ ಹೆಂಡತಿ

ತಾ.ಕ.: ಈ ಪತ್ರದಿಂದ ತಮಗೆ ಸಿಟ್ಟು ಬಂದರೆ ದಯವಿಟ್ಟು ಬೆಳಿಗ್ಗೆಯವರೆಗೆ ನುಂಗಿಕೊಂಡಿರಿ. ಅತ್ತೆ, ಮಾವ, ಮಗುವಿನ ಮುಂದೆ ನಾನು ನನ್ನ ಅಳುವನ್ನು ನುಂಗಿಕೊಂಡೇ ಇದ್ದೇನೆ. ಗೋಡೆಯೇ ಇಲ್ಲದೆ ಇಷ್ಟು ದಿನ ತಡೆದ ತಮಗೆ ಅಷ್ಟು ಹೊತ್ತು ತಡೆಯಲಾಗದೇ?