ಏಳನೇ ಡಬ್ಬ

ನಮ್ಮ ಬೀದಿ ಅರಸೀಕೆರೆ ಸ್ಟೇಷನ್ನಿಗೆ ಹತ್ರ. ರೈಲು ತಪ್ಪಿದ್ರೂ ತಪ್ಪೀತು, ಇಲ್ಲಿ ದಿನಕ್ಕೊಂದು ಪ್ರಸಂಗ ಮಾತ್ರ ತಪ್ಪಲ್ಲ. ನಾನೇನು ಹುಡುಕ್ಕೊಂಡು ಹೋಗಲ್ಲ. ಕಾಂಪೌಂಡ್ ಗಿಡ್ಡ, ಅಷ್ಟೇ.

1. ಅಟ್ಟದ ಮೇಲೆ

ಪಕ್ಕದ್ಮನೆ ಅಕ್ಕನ ಮಾವ ಆ ಕಾಲದಲ್ಲಿ ಊರೂರಿಗೆ ಹೋಗೋ ಟೆಂಟ್ ಸಿನಿಮಾ ಇಟ್ಟಿದ್ರು. ಮಾತಿಲ್ಲದ ಮೂಕಿ ಪಿಚ್ಚರ್ರು. ಅದರಲ್ಲೊಂದು, ಸಾಹುಕಾರರ ಮನೇಲಿ ಕಾಸಿನ ಸರ ಕಳುವಾಗುತ್ತೆ, ಕದ್ದೋರು ಯಾರು ಅನ್ನೋದೇ ಕತೆ. ಅದರ ರೀಲಿನ ಏಳು ಡಬ್ಬದಲ್ಲಿ ಕೊನೇದು ಕಳೆದುಹೋಗಿ, ಆರು ಅಕ್ಕನ ಅಟ್ಟದಲ್ಲೇ ಇದ್ವು.

ಹೋದ ವರ್ಷ ಬೆಂಗಳೂರಿಂದ ಹಳೇ ಪಿಚ್ಚರ್ ರಿಪೇರಿ ಮಾಡೋ ಮೇಡಮ್ಮು ಬಂದ್ರು. ಡಬ್ಬ ತೆಗೆದು ನೋಡಿ ಕಣ್ಣಲ್ಲಿ ನೀರು ಹಾಕ್ಕೊಂಡ್ರು.

"ಇಷ್ಟು ವರ್ಷ ಹೆಂಗಮ್ಮ ಜೋಪಾನ ಮಾಡಿದ್ರಿ?"

ಅಕ್ಕ ಅಂದ್ಲು, "ಜೋಪಾನ ಮಾಡಿದ್ದು ಕೊಬ್ಬರೀನ ಕಣ್ರೀ. ಇವು ಜೊತೇಲಿದ್ವು."

2. ಕಳ್ಳ ಯಾರು?

ಕೊನೇ ಡಬ್ಬ ಇಲ್ಲ, ಕಳ್ಳ ಯಾರಂತ ಗೊತ್ತಿಲ್ಲ. ಹಳಬರನ್ನ ಕೇಳ್ತೀನಿ ಅಂತ ಮೇಡಮ್ಮು ಕಾರಲ್ಲಿ ಹೊರಟ್ರು. ದಾರಿ ತೋರಿಸೋಕೆ ಯಾರಾದ್ರೂ ಬೇಕಲ್ಲ, ನಾನು ಮುಂದಿನ ಸೀಟಲ್ಲಿ ಕೂತೆ.

ಬಾಣಾವರದ ತಾತ "ಕದ್ದಿದ್ದು ವಕೀಲ. ನಮ್ಮಪ್ಪ ಕಣ್ಣಾರೆ ನೋಡಿದ್ದ" ಅಂದ. ಗಂಡಸೀಲಿ "ದನದ ದಳ್ಳಾಳಿ" ಅಂದ್ರು. ಬೇಲೂರಲ್ಲಿ "ಮನೆ ಅಳಿಯ."

ಆಮೇಲೆ ಅಕ್ಕನೇ ಬಾಯ್ಬಿಟ್ಲು. ಡಬ್ಬ ಕಳೆದಮೇಲೆ ಅವಳ ಮಾವ ಆರನೇದು ಮುಗೀತಿದ್ದಂಗೆ ದೀಪ ಹಚ್ಚಿಸಿ, ಪರದೆ ಪಕ್ಕ ನಿಂತು ಕೊನೇ ಕತೇನ ಬಾಯಲ್ಲೇ ಹೇಳೋರಂತೆ. ಆ ಊರಿಗೆ ಯಾರನ್ನ ಕಂಡ್ರೆ ಆಗಲ್ವೋ ಅವನೇ ಕಳ್ಳ.

ಹಳೇಬೀಡಲ್ಲಿ ಒಬ್ರು "ಕಳ್ಳ ಅರಸೀಕೆರೆಯೋನು" ಅಂದಿದ್ರು. ನಾನು "ಕಾರ್ ತಿರುಗಿಸಿ" ಅಂದಿದ್ದೆ.

3. ಭಾರ

ಆ ಏಳನೇ ಡಬ್ಬಾನ ಅಕ್ಕನ ಮಾವನೇ, ರೀಲು ಕರಗಿಸಿ ಬಳೆ ಮಾಡೋ ಬಳೆಗಾರನಿಗೆ ಮಾರ್ಕೊಂಡ್ರು ಅಂತ ಊರೆಲ್ಲಾ ಮಾತು.

"ಮದ್ವೆಯಾಗಿ ಬಂದಾಗಿಂದ ಕೇಳ್ತಿದೀನಿ ಕಣೇ. ನಮ್ಮಾವ ಮಾರಿಲ್ಲ. ನಾನು ಸಾಯೋದ್ರೊಳಗೆ ಅದೊಂದು ಗೊತ್ತಾದ್ರೆ ಸಾಕು" ಅನ್ನೋಳು ಅಕ್ಕ.

ನಾನು ಮೇಡಮ್ಮಿಗೆ ಹೇಳ್ದೆ, "ಮಾರೇ ಮಾರಿರ್ತಾರೆ. ಈ ಬೀದಿ ವಿಷ್ಯ ನಂಗೆ ಗೊತ್ತಿಲ್ದೇ ಇನ್ಯಾರಿಗೆ ಗೊತ್ತು? ಬನ್ನಿ, ನಮ್ಮನೇಲಿ ಊಟ ಮಾಡಿ."

ಭರಣಿಯಿಂದ ಉಪ್ಪಿನಕಾಯಿ ತೆಗೀತಿದ್ದೆ. ಮೇಡಮ್ಮು ತುತ್ತು ಕೈಯಲ್ಲೇ ಹಿಡಕೊಂಡು ಕೇಳಿದ್ರು.

"ಭರಣಿ ಮೇಲೆ ಇಟ್ಟಿದ್ರಲ್ಲ, ಅದೇನು?"

"ಭಾರ. ನಮ್ಮತ್ತೆಯವರ ಅತ್ತೆ ಕಾಲದಿಂದ ಐತೆ. ಅದಿಲ್ದಿದ್ರೆ ಉಪ್ಪಿನಕಾಯಿಗೆ ಬೂಷ್ಟು ಬತ್ತದೆ."

ಅವರು ಎದ್ದು ಅದನ್ನ ಮಗುಚಿ ಹಾಕಿದ್ರು. ಅಡಿಯಲ್ಲಿ ಕೆಂಪು ಬಣ್ಣದಲ್ಲಿ ಏಳು ಅಂತ ಬರೆದಿತ್ತು. ಅಕ್ಕನ ಆರು ಡಬ್ಬದ ಮೇಲಿದ್ದಂಥದೇ ಕೆಂಪು.

ಊಟಾನೂ ಮುಗಿಸದೇ, ಬಾಣಂತಿ ಮನೆಯಿಂದ ಕೂಸು ಎತ್ಕೊಂಡು ಹೋದಂಗೆ ಡಬ್ಬ ತಗೊಂಡು ಹೋದ್ರು. ಆ ವರ್ಷ ಉಪ್ಪಿನಕಾಯಿಗೆ ಬೂಷ್ಟು ಬಂದೇ ಬಂತು.

4. ಏಳನೇದು

ಒಂದೊಂದೇ ಚಿತ್ರ ಒರೆಸಿ, ಹರಿದಲ್ಲಿ ತೇಪೆ ಹಾಕಿ, ಮೊನ್ನೆ ನಮ್ಮೂರ ಸಮುದಾಯ ಭವನದಲ್ಲಿ ಪಿಚ್ಚರ್ ತೋರಿಸಿದ್ರು. ಏಳನೇದರಲ್ಲಿ ಅರ್ಧ ಅಂಟ್ಕೊಂಡು ಹಾಳಾಗಿತ್ತು, ಅರ್ಧ ಉಳಿದಿತ್ತು. ಶುರುವಾಗೋ ಮುಂಚೆ ಮೇಡಮ್ಮು ಮೈಕಲ್ಲಿ, "ಟೆಂಟಿನ ಯಜಮಾನ್ರು ಮಾರಿರ್ಲಿಲ್ಲ. ಡಬ್ಬ ಪಕ್ಕದ ಮನೇಲಿತ್ತು" ಅಂದ್ರು. ರೇಷ್ಮೆ ಸೀರೆ ಉಟ್ಟಿದ್ದ ಅಕ್ಕ ಬೆನ್ನು ನೆಟ್ಟಗೆ ಮಾಡ್ಕೊಂಡು ಕೂತ್ಲು. ಪಕ್ಕದಲ್ಲಿ ನಾನು.

ಪರದೆ ಮೇಲೆ ಸಾಹುಕಾರನ ಹೆಂಡ್ತಿ ಅಳ್ತಾಳೆ. ಪಕ್ಕದ್ಮನೆಯೋಳು ಬಂದು ತನ್ನ ಸೆರಗಲ್ಲೇ ಅವಳ ಕಣ್ಣೊರೆಸ್ತಾಳೆ. ಕಳ್ಳ ಇವನೇ ಅಂತ ವಕೀಲನ್ನ ತೋರಿಸ್ತಾಳೆ, ಅಳಿಯನ್ನ ತೋರಿಸ್ತಾಳೆ, ಅಡುಗೆಯವನನ್ನೂ ಬಿಡಲ್ಲ. ಪೊಲೀಸಿನೋನು ಸೀದಾ ಅವಳ ಮನೆಗೇ ಹೋಗಿ ಅಕ್ಕಿ ಮಡಕೆಗೆ ಕೈ ಹಾಕ್ತಾನೆ. ಕಾಸಿನ ಸರ.

ಭವನದಲ್ಲಿದ್ದೋರೆಲ್ಲಾ ಪರದೆ ಬಿಟ್ಟು ನನ್ನ ನೋಡಿದ್ರು.

ಅಕ್ಕ ಕಿವೀಲಿ ಅಂದ್ಲು, "ನಿಮ್ಮತ್ತೆಯವರ ಅತ್ತೆ ಡಬ್ಬ ಯಾಕೆ ಎತ್ಕೊಂಡ್ಹೋದ್ರು ಅಂತ ಈಗ ಗೊತ್ತಾಯ್ತು ಬಿಡೇ."

"ಕದ್ದಿದ್ದಲ್ಲ ಅಕ್ಕ. ಪಕ್ಕದ್ಮನೆಯೋರ ಮರ್ಯಾದೆ ಉಳಿಸಿದ್ದು."

ಮಾರನೇ ಬೆಳಿಗ್ಗೆ ಅಕ್ಕ ಒಂದು ಗುಂಡುಕಲ್ಲು ತಂದು ನನ್ನ ಭರಣಿ ಮೇಲಿಟ್ಲು.

"ಭಾರಕ್ಕೆ ಇದನ್ನಿಟ್ಕೋ. ಇದರೊಳಗೆ ನಿನ್ನ ಮುಖ ಇಲ್ಲ."