ಕಾಂಬ ಅಂದರು, ಲೆನ್ಸ್ ತಂದೆ

ನನಗೆ ಸಿಟ್ಟು ಬರುವುದಿಲ್ಲ. ಈ ಮಾತು ಹೇಳಿದಾಗಲೆಲ್ಲ ನನ್ನ ಹೆಂಡತಿ ಸುಮತಿ ಅಡುಗೆಮನೆಗೆ ಹೋಗಿ ನಗುತ್ತಾಳೆ. ಅದನ್ನು ಕೇಳಿದರೆ ಮಾತ್ರ ಬರುತ್ತದೆ.

ಬ್ರಹ್ಮಾವರದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ. ಇದ್ದದ್ದನ್ನು ಇದ್ದ ಹಾಗೆ ತೆಗೆದುಕೊಡುವುದು ನನ್ನ ಕಸುಬು. ಒಂದು ಅಕ್ಷರ ಹೆಚ್ಚಿಲ್ಲ, ಕಮ್ಮಿಯಿಲ್ಲ. ಇಂಥ ಮನುಷ್ಯ ಕೆರಾಡಿಯ ಮಾವನ ಮನೆ ಜಗುಲಿಯಲ್ಲಿ ನಿಂತು, ಈಗಷ್ಟೇ ಕರಿಚಿರತೆ ಕಂಡೆ ಎಂದರೆ ನಂಬಬೇಕೋ ಬೇಡವೋ? ಮಳೆಗಾಲ ಮುಗಿಯುವ ಹೊತ್ತಿನ ಒಂದು ಆದಿತ್ಯವಾರ, ಮುಸ್ಸಂಜೆ. ಗದ್ದೆಯ ಆಚೆ ಕಾಡು ಶುರುವಾಗುವಲ್ಲಿ ಕಪ್ಪು ಮೈ, ಉದ್ದ ಬಾಲ, ಅರಸನ ನಡಿಗೆ. ಒಮ್ಮೆ ನನ್ನ ಕಡೆ ತಿರುಗಿ ನೋಡಿ ಪೊದೆಯೊಳಗೆ ಹೋಯಿತು. ಓಡಿ ಬಂದು ಹೇಳಿದೆ.

ಮಾವ ಕವಳ ಜಗಿಯುವುದನ್ನು ನಿಲ್ಲಿಸದೆ ಒಂದೇ ಮಾತು ಹೇಳಿದರು.

"ಕಾಂಬ."

ಕಾಂಬ ಎಂದರೆ ನಮ್ಮ ಕುಂದಾಪುರದ ಕಡೆ 'ನೋಡೋಣ' ಎಂದು ಅರ್ಥ. ಇದು ಪರವೂರಿನವರು ತಿಳಿದುಕೊಂಡಿರುವ ಅರ್ಥ. ನಿಜವಾದ ಅರ್ಥ 'ಇಲ್ಲ'. ಗೃಹಪ್ರವೇಶಕ್ಕೆ ಬನ್ನಿ ಎಂದರೆ ಕಾಂಬ, ಅಂದರೆ ಬರುವುದಿಲ್ಲ. ನಿಮ್ಮ ಏಣಿ ನಾಳೆ ಸಿಗಬಹುದೇ ಎಂದರೆ ಕಾಂಬ, ಅಂದರೆ ಸಿಗುವುದಿಲ್ಲ. ಮುಖದ ಮೇಲೆ ಇಲ್ಲ ಎನ್ನುವವನ ಹತ್ತಿರ ಜಗಳವಾದರೂ ಮಾಡಬಹುದು. ಕಾಂಬ ಎನ್ನುವವನ ಹತ್ತಿರ ಏನು ಮಾಡುತ್ತೀರಿ?

ಸುಮತಿಯ ತಮ್ಮ ಗಣಪತಿ ಮೊಬೈಲಿನಿಂದ ತಲೆ ಎತ್ತಿ, "ಭಾವ, ಅದ್ ಕೆಳಮನೆ ಟೈಗರ್ ಆಯ್ಕ್" ಎಂದ. ಟೈಗರ್ ಎಂದರೆ ಕೆಳಮನೆಯವರ ಕರಿ ನಾಯಿ.

ನಾಯಿ! ನನಗೆ ನಾಯಿಗೂ ಚಿರತೆಗೂ ವ್ಯತ್ಯಾಸ ತಿಳಿಯುವುದಿಲ್ಲವೇ! ಒಳಗೆ ಅತ್ತೆಯ ಕೋಳಿಸಾರು ಕುದಿಯುತ್ತಿತ್ತು. ನಿಜ ಹೇಳಬೇಕೆಂದರೆ ನಾನು ಕೆರಾಡಿಗೆ ಹೋಗುವುದೇ ಆ ಸಾರಿಗೆ. ಆದರೆ ಸಿಟ್ಟಿಗೆ ನಾಲಗೆ ಉಂಟೇ ಹೊರತು ಹೊಟ್ಟೆ ಇಲ್ಲ. ಎಲ್ಲರೂ ಕೇಳುವ ಹಾಗೆ ಘೋಷಿಸಿಬಿಟ್ಟೆ: ಆ ಚಿರತೆಯ ಫೋಟೊ ತೆಗೆದು ತೋರಿಸುವವರೆಗೆ ಈ ಮನೆಯಲ್ಲಿ ನಾನು ಕೋಳಿಸಾರು ಮುಟ್ಟುವವನಲ್ಲ.

ಯಾರಾದರೂ ಒತ್ತಾಯ ಮಾಡುತ್ತಾರೆ ಎಂದು ಕಾದೆ. ಯಾರೂ ಮಾಡಲಿಲ್ಲ. ಅವರೆಲ್ಲ ಸಾರು ಸುರಿದುಕೊಂಡು ಉಂಡರು, ನಾನು ಮೊಸರು ಉಪ್ಪಿನಕಾಯಿ ಉಂಡೆ. ಸಿಟ್ಟಿನಲ್ಲಿ ಕೊಯ್ದುಕೊಂಡ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ಹಿರಿಯರು ಹೇಳಿದ್ದು ನನ್ನಂಥವರನ್ನು ನೋಡಿಯೇ.

ಮುಂಬೈ ಹೋಟೆಲಿನಲ್ಲಿರುವ ನನ್ನ ತಮ್ಮ ಕೊಟ್ಟ ಹಳೆಯ ಕ್ಯಾಮೆರಾ ಒಂದು ಮನೆಯಲ್ಲಿತ್ತು. ಅದರ ಗಿಡ್ಡ ಲೆನ್ಸಿನಲ್ಲಿ ಗದ್ದೆಯಾಚೆಯ ಚಿರತೆ ಇರುವೆಯ ಹಾಗೆ ಕಂಡೀತು. ದೂರದ್ದನ್ನು ಹತ್ತಿರ ಎಳೆಯುವ ಲೆನ್ಸ್ ಬೇಕು. ಒಂದು ಲೆನ್ಸ್ ಆರಿಸುವುದೇನು ಮಹಾ ಎಂದು ಮೊಬೈಲ್ ಹಿಡಿದು ಕೂತೆ.

ಮೂರು ವಾರ ಕೂತೆ. ಮೊದಲನೇ ವಿಡಿಯೋದವನು, ದೂರ ಎಳೆಯುವ ಶಕ್ತಿಯೇ ಮುಖ್ಯ ಎಂದ. ಎರಡನೆಯವನು, ಶಕ್ತಿ ಇದ್ದು ಬೆಳಕು ಒಳಗೆ ಬರದಿದ್ದರೆ ಏನು ಪ್ರಯೋಜನ ಎಂದ. ಮೂರನೆಯವನು, ಲೆನ್ಸ್ ಅಲ್ಲ, ಅದರ ಹಿಂದಿರುವ ಕಣ್ಣು ಮುಖ್ಯ ಎಂದ. ಅವನು ಎದುರಿಗಿದ್ದರೆ ಅವನ ಹಿಂದೆ ಏನಿದೆ ಎಂದು ನಾನು ನೋಡುತ್ತಿದ್ದೆ! ನಾಲ್ಕನೆಯವನಂತೂ ಅರ್ಧ ಗಂಟೆ ಮಾತಾಡಿ, ಮೊದಲು ನಿಮ್ಮ ಅಗತ್ಯವನ್ನು ನೀವು ತಿಳಿದುಕೊಳ್ಳಿ ಎಂದು ಕೈಮುಗಿದ. ನನ್ನ ಅಗತ್ಯ ಕೋಳಿಸಾರು ಮಾರಾಯ!

ಕೊನೆಗೆ ಕುಂದಾಪುರದ ಸ್ಟುಡಿಯೋ ರತ್ನಾಕರನ ಹತ್ತಿರ ಹೋದೆ. ವಾರವಿಡೀ ಮದುವೆ ಫೋಟೊ ತೆಗೆದು, ಪುರುಸೊತ್ತಾದರೆ ಹೊಳೆಬದಿಯಲ್ಲಿ ಹಕ್ಕಿ ಹುಡುಕುವ ಮನುಷ್ಯ. ದೊಡ್ಡ ಲೆನ್ಸ್ ಎರಡು ಕಿಲೋ ಭಾರ, ಸಂಜೆ ಹೊತ್ತಿಗೆ ಬೆಳಕು ಸಾಲದು, ಹೊಸಬರಿಗೆ ಪ್ರಾಣಿ ಎಲ್ಲಿದೆ ಎಂದು ಹುಡುಕುವುದೇ ಕಷ್ಟ ಎಂದು ಸಮಾಧಾನದಲ್ಲೇ ವಿವರಿಸಿದ.

"ಮೊದ್ಲನೇ ಲೆನ್ಸ್ ಅಲ್ದಾ, ನೂರಿಂದ ನಾನೂರ್ ಸಾಕ್. ಬೇಕಾರೆ ನಂದೇ ಒಂದ್ ವಾರ ತಕಂಡ್ ಹೋಯಿ ಕಾಣಿ."

ಇವನೂ ಕಾಣಿ ಎಂದನಲ್ಲ! ಕಾಂಬದ ಒಡಹುಟ್ಟಾದ ಆ ಶಬ್ದ ಕಿವಿಗೆ ಬಿದ್ದದ್ದೇ ನನ್ನ ತಲೆ ಕೆಟ್ಟಿತು. ನನ್ನ ಚಿರತೆ ನಿನ್ನ ಮದುಮಗಳ ಹಾಗೆ ಮಂಟಪದಲ್ಲಿ ನಿಂತು ನಗುವುದಿಲ್ಲ ಎಂದು ಹೇಳಿ ಬಂದೆ. ಲೆನ್ಸಿನ ನಂಬರು ಹೆಚ್ಚಿದಷ್ಟೂ ದೂರದ್ದು ಹತ್ತಿರ ಬರುತ್ತದೆ, ಆರುನೂರು ನಾನೂರಕ್ಕಿಂತ ದೊಡ್ಡದು ಎಂಬುದು ಮೂರನೇ ಕ್ಲಾಸಿನ ಲೆಕ್ಕ. ಅದೇ ಸಂಜೆ ಮೊಬೈಲಿನಲ್ಲೇ ನೂರೈವತ್ತರಿಂದ ಆರುನೂರರ ಲೆನ್ಸಿಗೆ ಆರ್ಡರ್ ಕೊಟ್ಟೆ.

ಲೆನ್ಸ್ ಬಂತು. ಕ್ಯಾಮೆರಾಕ್ಕೆ ಕೂರಲಿಲ್ಲ. ಒತ್ತಿದೆ, ತಿರುಗಿಸಿದೆ, ಸುಮತಿಗೆ ಹಿಡಿದುಕೊಳ್ಳಲು ಹೇಳಿ ಮತ್ತೂ ತಿರುಗಿಸಿದೆ. ಫೋನು ಮಾಡಿ ಮಾರಿದವರನ್ನು ಚೆನ್ನಾಗಿ ಬೈದೆ. ಆಚೆಯ ಹುಡುಗಿ ನಾನು ಉಸಿರು ತೆಗೆದುಕೊಳ್ಳುವವರೆಗೆ ಕಾದು, ಸರ್, ನಿಮ್ಮ ಕ್ಯಾಮೆರಾ ಯಾವ ಕಂಪೆನಿಯದ್ದು ಎಂದು ಕೇಳಿದಳು. ಮೂರು ವಾರದಲ್ಲಿ ಈ ಪ್ರಶ್ನೆಯನ್ನು ನಾನು ನನಗೆ ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಒಂದು ಕಂಪೆನಿಯ ಲೆನ್ಸ್ ಇನ್ನೊಂದರ ಕ್ಯಾಮೆರಾಕ್ಕೆ ಕೂರುವುದಿಲ್ಲವಂತೆ.

ಬದಲಿ ಲೆನ್ಸ್ ಬಂದದ್ದು ಸರಿಯಾಗಿ ಆಯುಧಪೂಜೆಯ ದಿನ. ಈ ಸಲ ಕ್ಯಾಮೆರಾಕ್ಕೆ ಟಕ್ಕನೆ ಕೂತಿತು. ಖುಷಿಯಲ್ಲಿ ಸ್ನಾನಕ್ಕೆ ಹೋದೆ. ಬರುವಷ್ಟರಲ್ಲಿ ಸುಮತಿ ಸ್ಕೂಟರ್, ಮಿಕ್ಸಿ, ನನ್ನ ಜೆರಾಕ್ಸ್ ಯಂತ್ರದ ಬೀಗದಕೈ ಎಲ್ಲದರ ಸಾಲಿನಲ್ಲಿ ಲೆನ್ಸನ್ನೂ ನಿಲ್ಲಿಸಿದ್ದಳು. ಸ್ಕೂಟರಿನ ಹೆಡ್‌ಲೈಟಿಗೆ ಇಟ್ಟ ಹಾಗೆಯೇ ಲೆನ್ಸಿನ ಗಾಜಿನ ನಡುಮಧ್ಯೆ ಗಂಧ, ಅದರ ಮೇಲೆ ಕುಂಕುಮ, ಮೇಲಿಂದ ಒಂದು ಸೇವಂತಿಗೆ. ನನ್ನ ಬೊಬ್ಬೆಗೆ ಅಕ್ಕಪಕ್ಕದ ಮನೆಯವರು ಹೊರಗೆ ಬಂದರು.

"ಕಣ್ಣಿಗೇ ಅಲ್ದಾ ಪೂಜೆ ಆಯ್ಕಾದ್ದ್, ಬಾಲಕ್ ಮಾಡುಕಾತ್ತಾ?" ಎಂದಳು ಅವಳು.

ನನ್ನ ಸಿಟ್ಟು ಇಮ್ಮಡಿಯಾಯಿತು. ಕೈಗೆ ಸಿಕ್ಕಿದ ಬಟ್ಟೆಯಲ್ಲಿ ಗಾಜನ್ನು ಗಸಗಸ ಉಜ್ಜಿದೆ. ಅದು ಸ್ಕೂಟರ್ ಒರೆಸಿದ ಬಟ್ಟೆ. ಗಾಜಿನ ಮೇಲೆ ಕೂದಲೆಳೆಯ ಎರಡು ಗೀರು ಈಗಲೂ ಇದೆ. ಅದನ್ನು ಮಾಡಿದ್ದು ಸುಮತಿಯಲ್ಲ ಎಂದು ಇಲ್ಲಿ ಮೊದಲ ಸಲ ಒಪ್ಪಿಕೊಳ್ಳುತ್ತಿದ್ದೇನೆ.

ಆಮೇಲೆ ಅಭ್ಯಾಸ. ಆಕಾಶದಲ್ಲಿ ಸುತ್ತುವ ಗರುಡನ ಫೋಟೊ ನಲವತ್ತು ತೆಗೆದೆ, ನಲವತ್ತರಲ್ಲೂ ಆಕಾಶ ಚೆನ್ನಾಗಿ ಬಂದಿತ್ತು. ಆರುನೂರರಲ್ಲಿ ನೋಡುವುದೆಂದರೆ ಮದುವೆ ಹಾಲ್‌ನಲ್ಲಿ ಪೈಪಿನ ತೂತಿನಿಂದ ನೆಂಟರನ್ನು ಹುಡುಕಿದ ಹಾಗೆ. ಎರಡು ನಿಮಿಷ ಎತ್ತಿ ಹಿಡಿದರೆ ತೋಳು ನಡುಗುತ್ತದೆ. ರತ್ನಾಕರ ಹೇಳಿದ್ದೆಲ್ಲ ನಿಜವಾಗುತ್ತಿದ್ದದ್ದು ನನಗೆ ಅವನ ಮೇಲೆ ಇನ್ನಷ್ಟು ಸಿಟ್ಟು ತರಿಸಿತು.

ದೀಪಾವಳಿಗೆ ಕೆರಾಡಿಗೆ ಹೋದೆವು. ಮಾವನ ಕೊಟ್ಟಿಗೆಯ ಅಟ್ಟದಲ್ಲಿ, ಹುಲ್ಲಿನ ನಡುವೆ, ಅಕ್ಕಿ ಚೀಲದ ಮೇಲೆ ಲೆನ್ಸ್ ಊರಿ ಮೂರು ಸಂಜೆ ಕೂತೆ. ಮೊದಲ ಸಂಜೆಯೇ ಏಣಿಯ ಬುಡದಲ್ಲಿ ಬಿಟ್ಟ ನನ್ನ ಹೊಸ ಚಪ್ಪಲಿಯಲ್ಲಿ ಒಂದು ಮಾಯ. ಗಣಪತಿಯದ್ದೇ ಕುಚೋದ್ಯ ಎಂದು ಅವನ ಹತ್ತಿರ ಮಾತು ಬಿಟ್ಟೆ. ಊರಿನವರು ಚಿರತೆ ಹಿಡಿಯಲು ಕೂತ ಅಳಿಯನನ್ನು ನೋಡಿಕೊಂಡು ಹೋಗಲು ಬರತೊಡಗಿದರು.

ಮೂರನೇ ಸಂಜೆ, ಅದೇ ಹೊತ್ತು, ಅದೇ ಜಾಗ. ಕಪ್ಪು! ಲೆನ್ಸಿನಲ್ಲಿ ಎಲೆ ಕಂಡಿತು, ಮತ್ತೆ ಎಲೆ, ಒಂದು ಬೇಲಿಗೂಟ, ಆಮೇಲೆ ಕಪ್ಪು ಮೈ. ಉಸಿರು ಬಿಗಿಹಿಡಿದು ಒತ್ತಿದೆ. ಇಳಿಯುವಾಗ ಏಣಿಯ ಕಡೆಯ ಎರಡು ಮೆಟ್ಟಿಲು ಸಿಗಲಿಲ್ಲ. ಮೊಣಕಾಲು ತರಚಿದರೂ ಲೆನ್ಸ್ ಮೇಲೆತ್ತಿ ಹಿಡಿದೇ ಬಿದ್ದೆ. ಕ್ಯಾಮೆರಾದ ಚಿಕ್ಕ ಪರದೆಯಲ್ಲಿ ನೋಡುವ ತಾಳ್ಮೆ ಯಾರಿಗಿದೆ? ನೇರ ಟಿವಿಗೇ ಹಾಕು ಎಂದು ಮಾತು ಬಿಟ್ಟಿದ್ದ ಗಣಪತಿಗೇ ಆಜ್ಞೆ ಮಾಡಿ, ಮನೆಮಂದಿಯನ್ನೆಲ್ಲ ಕೂರಿಸಿದೆ.

ಟಿವಿಯ ತುಂಬ ಫೋಟೊ ಮೂಡಿತು. ಅಷ್ಟು ಸ್ಪಷ್ಟವಾದ ಫೋಟೊ ನಾನು ಜನ್ಮದಲ್ಲಿ ತೆಗೆದಿಲ್ಲ. ಒಂದೊಂದು ರೋಮ ಎಣಿಸಬಹುದಿತ್ತು. ಕುತ್ತಿಗೆಯಲ್ಲಿ ಕೆಂಪು ಬೆಲ್ಟ್, ಬೆಲ್ಟಿನಲ್ಲಿ ಗೆಜ್ಜೆ. ಬಾಯಲ್ಲಿ ನನ್ನ ಚಪ್ಪಲಿ. ಅದರ ಅಡಿಯಲ್ಲಿದ್ದ ಎಂಟು ಎಂಬ ನಂಬರನ್ನೂ ಓದಬಹುದಿತ್ತು.

ಮಾವ ಕನ್ನಡಕ ಹಾಕಿಕೊಂಡು ಟಿವಿಯ ಹತ್ತಿರ ಹೋಗಿ ಬಗ್ಗಿ ನೋಡಿದರು.

"ಲೆನ್ಸ್ ಒಳ್ಳೇದಿತ್ತ್" ಎಂದರು.

ಅವತ್ತು ಕಂಡದ್ದು ಮಾತ್ರ ಚಿರತೆಯೇ ಎಂದು ನಾನು ಗಂಟಲು ಹರಿದುಕೊಂಡೆ. ಮಾವ ಕಾಂಬ ಎಂದು ಕೈತೊಳೆಯಲು ಹೋದರು.

ಅತ್ತೆ ಊಟಕ್ಕೆ ಕರೆದರು. ಮನೆಯೆಲ್ಲ ಕೋಳಿಸಾರಿನ ಘಮ. ಮಾವ ಒಂದು ಮಾತು, ಇರಲಿ ಉಣ್ಣಿ ಎಂಬ ಒಂದೇ ಮಾತು ಹೇಳಿದರೆ ಸಾಕು ಎಂದು ಅವರ ಮುಖವನ್ನೇ ನೋಡಿದೆ. ಅವರು ಅಭಿಮಾನದಿಂದ ಅತ್ತೆಯ ಕಡೆ ತಿರುಗಿ, "ನಮ್ಮ ಅಳಿಯಂದ್ರ್ ಮಾತಂದ್ರೆ ಮಾತ್. ಅವ್ರಿಗೆ ಮೊಸ್ರ್ ಹಾಕ್" ಎಂದರು.

ಅಷ್ಟರಲ್ಲಿ ಅಂಗಳದಲ್ಲಿ ಗೆಜ್ಜೆ ಸದ್ದು. ಮುಟ್ಟದೆ ಉಳಿದ ನನ್ನ ಪಾಲನ್ನು ಸುಮತಿ ಟೈಗರಿಗೆ ಹಾಕುತ್ತಿದ್ದಳು. ಅದು ಚಪ್ಪಲಿಯನ್ನು ಜೋಪಾನವಾಗಿ ಪಕ್ಕಕ್ಕಿಟ್ಟು ತಿನ್ನತೊಡಗಿತು. ಸಿಟ್ಟಿನಲ್ಲಿ ಇದರದ್ದೂ ಒಂದು ಫೋಟೊ ತೆಗೆದುಬಿಡುತ್ತೇನೆ ಎಂದು ಮೆಟ್ಟಿಲಲ್ಲೇ ನಿಂತು ಲೆನ್ಸ್ ಎತ್ತಿದೆ. ಫೋಕಸ್ ಆಗಲಿಲ್ಲ, ಬರೀ ಕಪ್ಪು ಮಬ್ಬು. ಆಮೇಲೆ ರತ್ನಾಕರನಿಗೆ ಫೋನು ಮಾಡಿ ಕೇಳಿದೆ. ಆರುನೂರರ ಲೆನ್ಸಿಗೆ ಅಷ್ಟು ಹತ್ತಿರ ಇದ್ದದ್ದು ಕಾಣಿಸುವುದಿಲ್ಲವಂತೆ. ಅದು ನನ್ನದೇ ಜಾತಿಯ ಲೆನ್ಸ್ ಎಂದು ಆರ್ಡರ್ ಕೊಡುವಾಗ ಗೊತ್ತಿರಲಿಲ್ಲ.