ನನ್ನ ಮೈ, ಬಸ್ಸಿನವರ ಬಾಯಿ

ನಾನು ಬಸ್ ಕಂಡಕ್ಟರು. ಹೆಂಗಸು. ದಪ್ಪ. ಇದರಲ್ಲಿ ಮೊದಲನೆಯದು ನನ್ನ ಕೆಲಸ, ಎರಡನೆಯದು ನನ್ನ ಹುಟ್ಟು, ಮೂರನೆಯದು ಮಾತ್ರ ಊರಿನವರೆಲ್ಲರ ಸ್ವಂತ ಆಸ್ತಿ. ಹಾಸನದಿಂದ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಯಾವ ಕಡೆ ಡ್ಯೂಟಿ ಹಾಕಿದರೂ ಹತ್ತಿದವರಲ್ಲಿ ಒಬ್ಬರಾದರೂ ನನ್ನ ಮೈ ಬಗ್ಗೆ ಏನಾದರೊಂದು ಅಂದೇ ಇಳಿಯುತ್ತಾರೆ. ಟಿಕೆಟ್ ತಗೊಳ್ಳೋದು ಮರೆತಾರು, ಅದನ್ನು ಮರೆಯುವುದಿಲ್ಲ. ನಗುನಗುತ್ತಾ ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ, ಹೊಟ್ಟೆ ಉರಿಯುತ್ತದೆ. ಈಚೆಗಂತೂ ಇದೇ ಮೈಯ ನೆಪದಲ್ಲಿ ನನ್ನನ್ನು ಬಸ್ಸಿನಿಂದಲೇ ಇಳಿಸಿ ಮೂಲೆಯಲ್ಲಿ ಕೂರಿಸಲು ಹೊರಟಿದ್ದರು. ಆ ಕಥೆಗೆ ಬರುವ ಮೊದಲು ದಾರಿಯಲ್ಲಿ ಸಿಕ್ಕ ಕೆಲವರನ್ನು ಹತ್ತಿಸಿಕೊಂಡು ಬರುತ್ತೇನೆ.

ಲಗೇಜು

ಚನ್ನರಾಯಪಟ್ಟಣದ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಯಜಮಾನರು ತೆಂಗಿನಕಾಯಿ ಮೂಟೆಗಳನ್ನು ತಂದು ಬಾಗಿಲ ಹತ್ತಿರ ಒಟ್ಟಿದರು.

"ಯಜಮಾನ್ರೇ, ಲಗೇಜ್ ಟಿಕೆಟ್ ತಗೊಳ್ಳಿ" ಅಂದೆ.

"ಕಾಯಿಗೆ ಲಗೇಜಾ? ಅಂಗಾರೆ ನೀನು ದಿನಾ ಈ ಬಸ್ಸಲ್ಲಿ ಓಡಾಡ್ತೀಯಲ್ಲವ್ವ, ನಿಂಗ್ಯಾರು ಅರೀತಾರೆ ಲಗೇಜ್ ಟಿಕೀಟು?"

ಬಸ್ಸಿಗೆ ಬಸ್ಸೇ ನಕ್ಕಿತು. ಕಿಟಕಿ ಪಕ್ಕ ನಿದ್ದೆ ಮಾಡುತ್ತಿದ್ದವರೂ ಎದ್ದು, ಏನಂತೆ ಏನಂತೆ ಅಂತ ಪಕ್ಕದವರನ್ನು ಕೇಳಿ ತಿಳಿದುಕೊಂಡು ನಕ್ಕರು.

"ನಾನು ನನ್ನ ಕಾಲ ಮೇಲೆ ಹತ್ತಿ ನನ್ನ ಕಾಲ ಮೇಲೆ ಇಳೀತೀನಿ. ನಿಮ್ಮ ಮೂಟೆ ಹಂಗೇ ಇಳಿಯೋದಾದ್ರೆ ಲಗೇಜ್ ಬೇಡ" ಅಂದೆ. ಗೊಣಗುತ್ತಾ ಲಗೇಜ್ ತೆಗೆದುಕೊಂಡರು.

ಅವರೂರು ಬಂತು. ಕೆಳಗಿಳಿದು ಒಮ್ಮೆ ಮೂಟೆ ನೋಡಿದರು, ಒಮ್ಮೆ ನನ್ನ ನೋಡಿದರು. ಆಮೇಲೆ ಹಲ್ಲು ಕಿರಿದು, "ವಸಿ ಕೈ ಕೊಡವ್ವ. ಒಳ್ಳೆ ಗುಂಡ್ಕಲ್ಲಂಗಿದ್ದೀಯ, ಒಬ್ಳೇ ಎತ್ಬುಡ್ತೀಯ" ಅಂದರು.

"ಕಾಯ್ತೀನಿ ಯಜಮಾನ್ರೇ" ಅಂದೆ. "ಮೂಟೆಗೆ ಕಾಲು ಬರಲಿ."

ಅಳತೆ

ಯೂನಿಫಾರ್ಮ್ ಹೊಲಿಸಲು ಹೊಳೆನರಸೀಪುರದ ಒಬ್ಬ ಟೈಲರ್ ಹತ್ತಿರ ಹೋಗಿದ್ದೆ. ಟೇಪು ಹಿಡಿದು ಅಳತೆಯನ್ನು ಹರಾಜು ಕೂಗುವ ಹಾಗೆ ಕೂಗತೊಡಗಿದ. ಅಂಗಡಿಯ ಬೆಂಚಿನ ಮೇಲೆ ಕೂತಿದ್ದವರೆಲ್ಲ ಪೇಪರ್ ಕೆಳಗಿಳಿಸಿ ನನ್ನ ಸೊಂಟ ನೋಡಿದರು.

"ಸ್ವಲ್ಪ ಮೆಲ್ಲಗೆ ಹೇಳಿ" ಅಂದೆ. ಪಾಪ, ಒಳ್ಳೆಯವನೇ. ಪಿಸುಗುಟ್ಟಿದ. ಮಿಷಿನ್ ಮುಂದೆ ಕೂತು ಬರೆದುಕೊಳ್ಳುತ್ತಿದ್ದ ಅವನ ಹೆಂಡತಿಗೆ ಕೇಳಿಸಲಿಲ್ಲ. "ಏನ್ರೀ? ಎಷ್ಟಂದ್ರಿ? ಅದು ಸೊಂಟನಾ, ಉದ್ದನಾ?" ಅಂತ ಬೀದಿಗೆಲ್ಲ ಕೇಳುವ ಹಾಗೆ ಕಿರುಚಿದಳು.

ಅದನ್ನೂ ನುಂಗಿಕೊಂಡೆ. ಆದರೆ ಅಂಗಿ ಬಂತಲ್ಲ, ಹಾಕಿಕೊಂಡ ಮೊದಲ ದಿನವೇ ಮೇಲಿನ ಕಂಬಿ ಹಿಡಿಯಲು ಕೈ ಎತ್ತಿದೆ, ಕಂಕುಳಲ್ಲಿ ಪರ್ರ್ ಅಂತು. ಇಡೀ ದಿನ ತೋಳನ್ನು ಮೈಗೆ ಅಂಟಿಸಿಕೊಂಡೇ ಟಿಕೆಟ್ ಕೊಟ್ಟೆ. ಸಾಯಂಕಾಲ ಸೀದಾ ಅಂಗಡಿಗೆ ಹೋಗಿ ಅಂಗಿಯನ್ನು ಅವನ ಮೇಜಿನ ಮೇಲೆ ಎಸೆದೆ.

"ಬೇಕೂಂತ್ಲೇ ವಸಿ ಬಿಗಿ ಇಟ್ಟಿದ್ದೆ ಮೇಡಂ. ನೀವು ಸಣ್ಣ ಆದ್ಮೇಲೆ ಕರೆಕ್ಟಾಗ್ ಕೂತ್ಕತದೆ" ಅಂದ.

"ಸಣ್ಣ ಆಗ್ತೀನಿ ಅಂತ ನಿಮಗ್ಯಾರು ಹೇಳಿದ್ರು?"

"ಆಸೆ ಇರಲ್ವಾ ಮೇಡಂ?"

"ಇದೆ ಇದೆ. ಹೊಲಿಗೆ ಕೂಲೀನೂ ಸಣ್ಣ ಆದ್ಮೇಲೇ ಕೊಡ್ತೀನಿ" ಅಂದೆ. ಅಲ್ಲೇ ಕೂತು ಬಿಚ್ಚಿ ಹೊಲಿದುಕೊಟ್ಟ.

ಪೌಡರಿನವರು

ಅರಕಲಗೂಡಿನಿಂದ ಹಾಸನಕ್ಕೆ ದಿನವೂ ಬರುವ ಒಬ್ಬ ಮೇಡಂ ಇದ್ದಾರೆ. ಸಣ್ಣಗಾಗುವ ಪೌಡರ್ ಮಾರುವುದು ಅವರ ಕೆಲಸ. ಬಸ್ಸಿನಲ್ಲಿ ಎಷ್ಟೇ ಜನರಿದ್ದರೂ ಅವರ ಕಣ್ಣಿಗೆ ಕಾಣುವುದು ನಾನೊಬ್ಬಳೇ. "ನಿಮ್ಮ ಮುಖ ಎಷ್ಟು ಲಕ್ಷಣವಾಗಿದೆ" ಅಂತ ಶುರು ಮಾಡಿ ಕುತ್ತಿಗೆಯಿಂದ ಕೆಳಗೆ ಇಳಿಯುತ್ತಾರೆ. ಮುಖಕ್ಕೆ ಮೈ ಅಂಟಿಕೊಂಡದ್ದು ನನ್ನದೇ ಅಪರಾಧ ಅನ್ನುವ ಹಾಗೆ.

ಒಂದು ಬೆಳಗ್ಗೆ ನಿಂತು ಪ್ರವಚನ ಕೊಡುತ್ತಿದ್ದವರು ಹಾಗೇ ಕಣ್ಣು ಮೇಲೆ ಮಾಡಿ ನನ್ನ ಮೇಲೆ ಬಿದ್ದರು. ತಬ್ಬಿ ಹಿಡಿದುಕೊಂಡೆ. ಸಣಕಲು ಕಂಡಕ್ಟರ್ ಆಗಿದ್ದರೆ ಇಬ್ಬರೂ ಬಾಗಿಲಿಂದ ಆಚೆ ಇರುತ್ತಿದ್ದೆವು. ನನ್ನ ಸೀಟಿನಲ್ಲಿ ಕೂರಿಸಿ ನೀರು ಕೊಟ್ಟೆ. ನಿನ್ನೆಯಿಂದ ಪೌಡರ್ ಬಿಟ್ಟು ಏನೂ ಹೊಟ್ಟೆಗೆ ಹಾಕಿಲ್ಲವಂತೆ! ನನ್ನ ಊಟದ ಡಬ್ಬಿ ತೆಗೆದು ಕೈಗೆ ಕೊಟ್ಟೆ. ಚಿತ್ರಾನ್ನ. ಒಂದು ಅಗುಳೂ ಬಿಡದೆ ತಿಂದು ಬೆರಳು ನೆಕ್ಕಿದರು.

ಜೀವ ಬಂದ ಕೂಡಲೇ ಖಾಲಿ ಡಬ್ಬಿಯನ್ನು ವಾಪಸ್ ಕೊಡುತ್ತಾ, "ಎಣ್ಣೆ ಜಾಸ್ತಿ ಹಾಕ್ತೀರ ಮೇಡಂ. ಅದಕ್ಕೇ ನೀವು ಹಿಂಗಾಗಿರೋದು" ಅಂದರು.

ನಿಮ್ಮ ಒಳ್ಳೇದಕ್ಕೇ

ಇವೆಲ್ಲ ಬಾಯಿಗೆ ಬಾಯಿ ಕೊಟ್ಟು ಗೆಲ್ಲಬಹುದಾದ ಜಗಳಗಳು. ಗೆಲ್ಲಲಾಗದ್ದು ಡಿಪೋ ಸಾಹೇಬರ ಕೋಣೆಯಲ್ಲಿ ಶುರುವಾಯಿತು.

"ನಿಮ್ಮ ಮೇಲೆ ಫೋನಲ್ಲಿ ಕಂಪ್ಲೇಂಟ್ ಬಂದಿದೆಯಮ್ಮ" ಅಂದರು ಸಾಹೇಬರು. "ಕಂಡಕ್ಟರ್ ದಪ್ಪ, ಬಾಗಿಲಲ್ಲಿ ಅಡ್ಡ ನಿಂತರೆ ಜನ ಹತ್ತೋಕಾಗಲ್ಲ ಅಂತ. ಸೋಮವಾರದಿಂದ ನೀವು ಪಾಸ್ ಕೌಂಟರಲ್ಲಿ ಕೂತ್ಕೊಳ್ಳಿ."

"ಯಾವ ರೂಟಿನ ಬಸ್ಸು ಸಾರ್?"

"ಅದನ್ನೆಲ್ಲ ಕೇಳೋದೇನಿದೆ? ದಪ್ಪ ಕಂಡಕ್ಟರ್ ಅಂದರು. ನಮ್ಮ ಡಿಪೋದಲ್ಲಿ ಇನ್ಯಾರಿದ್ದಾರೆ? ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಆರಾಮಾಗಿ ಕೂತ್ಕೊಂಡಿರಿ."

"ಸಣ್ಣ ಆಗೋಕೆ ಓಡಾಡಬೇಕು ಅಂತಾರೆ ಎಲ್ಲರೂ. ಓಡಾಡೋ ಕೆಲಸದಿಂದ ತೆಗೆದು ಕೂರಿಸ್ತಿದ್ದೀರಲ್ಲ ಸಾರ್?"

ಸಾಹೇಬರು ಬಹಳ ಯೋಚಿಸಿ, "ಬೆಳಗ್ಗೆ ವಾಕಿಂಗ್ ಹೋಗಿ" ಅಂದರು.

ಬಸ್ಸಿನ ಕೆಲಸ ನನಗೆಷ್ಟು ಇಷ್ಟ ಅಂತ ಇವರಿಗೆ ಹೇಗೆ ಹೇಳಲಿ? ಕಾಲೇಜು ಹೊತ್ತಿನಲ್ಲಿ ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತೇನೆ. ಬಾಗಿಲಲ್ಲಿ ನಿಂತು ಸೀಟಿ ಊದಿದರೆ ಅಷ್ಟು ದೊಡ್ಡ ಬಸ್ಸು ನನ್ನ ಮಾತು ಕೇಳಿ ಹೊರಡುತ್ತದೆ. ಹುಟ್ಟಿದಾಗಿನಿಂದ ನನ್ನ ಮಾತು ಕೇಳಿದ್ದು ಅದೊಂದೇ. ಮನೆಗೆ ಹೋಗಿ ಕನ್ನಡಿ ಮುಂದೆ ಹೊಟ್ಟೆ ಒಳಗೆಳೆದುಕೊಂಡು ನಿಂತೆ. ಉಸಿರು ಕಟ್ಟಿತು, ಬಿಟ್ಟೆ. ಊಟ ಬೇಡ ಅಂದೆ. ಆಮೇಲೆ ಹಾಗೆ ನಿಂತಿದ್ದಕ್ಕೆ ನನ್ನ ಮೇಲೇ ಕೆಟ್ಟ ಸಿಟ್ಟು ಬಂತು. ಎದ್ದು ಹೋಗಿ ಬಡಿಸಿಕೊಂಡು ಹೊಟ್ಟೆ ತುಂಬ ಉಂಡೆ.

ಕಂಪ್ಲೇಂಟು ಕೊಟ್ಟವರು

ಶನಿವಾರ ಡ್ಯೂಟಿ ಮುಗಿಸಿ ಟಿಕೆಟ್ ಮಿಷಿನ್ ಒಪ್ಪಿಸುತ್ತಿದ್ದೆ. ಸಾಹೇಬರು ಕರೆಸಿದರು. ಹೋದರೆ ಅವರ ಮುಂದೆ ಒಬ್ಬ ಅಜ್ಜಿ, ಕಾಲ ಬಳಿ ಅವರೆಕಾಯಿ ಚೀಲ. ಮೊಸಳೆ ಅನ್ನುವ ಊರಿನ ಕಡೆಯವಳು. ಮೊಮ್ಮಗಳ ಕೈಲಿ ಫೋನ್ ಮಾಡಿಸಿದವಳು ಇವಳೇ. ಏನೂ ಆಗಲಿಲ್ಲ ಅಂತ ತಾನೇ ಬಂದಿದ್ದಳು.

"ನೋಡಜ್ಜಿ, ಇವರೇ ತಾನೆ? ಸೋಮವಾರದಿಂದ ಬಸ್ಸಲ್ಲಿ ಇರಲ್ಲ" ಅಂದರು ಸಾಹೇಬರು, ನನ್ನ ಕಡೆ ಕೈ ತೋರಿಸಿ.

ಅಜ್ಜಿ ನನ್ನನ್ನು ಅಡಿಯಿಂದ ಮುಡಿವರೆಗೆ ನೋಡಿದಳು. "ಈವಮ್ಮನಾ? ಈವಮ್ಮ ಯಾಕಾದಾಳು ಸಾ? ಅವ್ನಿಗೆ ಮೀಸೆ ಐತೆ!"

"ಮೀಸೆನಾ?"

"ಊಂ ಕಣ್ ಸಾ. ನಮ್ಮೂರ್ ಬಸ್ಸವ್ನು. ಬಾಗ್ಲಲ್ ನಿಂತ್ಕಂಡು ಫೋನ್ ನೋಡ್ತಾನೆ. ಅತ್ಲಾಗೂ ಸರಿಯಕಿಲ್ಲ, ಇತ್ಲಾಗೂ ಸರಿಯಕಿಲ್ಲ. ಚೀಲ ಇಡ್ಕಂಡು ನಾನೆಂಗ್ ಅತ್ಲಿ?"

ಯಾರು ಅಂತ ಸಾಹೇಬರಿಗೂ ಗೊತ್ತಾಯಿತು, ನನಗೂ ಗೊತ್ತಾಯಿತು. ಆ ರೂಟಿನಲ್ಲಿ ಮೀಸೆಯ ಕಂಡಕ್ಟರು ಒಬ್ಬರೇ. ಸ್ಟಾಪಿಗೆ ಮೊದಲು ಅವರ ಹೊಟ್ಟೆ ಬರುತ್ತದೆ, ಹಿಂದಿನಿಂದ ಬಸ್ಸು ಬರುತ್ತದೆ. ಇಷ್ಟು ವರ್ಷದಲ್ಲಿ ಒಬ್ಬರಾದರೂ ಆ ಮನುಷ್ಯನಿಗೆ ವಾಕಿಂಗ್ ಹೋಗು ಅಂದದ್ದನ್ನು ನಾನು ಕೇಳಿಲ್ಲ.

ಸಾಹೇಬರು ಗಂಟಲು ಸರಿಮಾಡಿಕೊಂಡರು. "ಅವರಾ? ಅವರು ದಪ್ಪ ಅಂತಲ್ಲ ಕಣಜ್ಜಿ. ಆಳು ಗಟ್ಟಿಮುಟ್ಟು, ಅಷ್ಟೇ."

ನಾನು ಮೇಜಿನ ಹತ್ತಿರ ಸರಿದೆ. "ಹಾಗಾದ್ರೆ ಸೋಮವಾರದಿಂದ ಪಾಸ್ ಕೌಂಟರಿಗೆ ಅವರಾ ಸಾರ್?"

"ಛೆ ಛೆ, ಅದ್ಯಾಕೆ? ವಸಿ ಸರಿದು ನಿಂತ್ಕೊಳ್ಳಿ ಅಂದ್ರಾಯ್ತು."

"ನನಗೂ ಅಷ್ಟೇ ಹೇಳಬಹುದಿತ್ತಲ್ಲ ಸಾರ್?"

ಸಾಹೇಬರು ಕಿಟಕಿ ನೋಡುತ್ತಾ, "ನೀವು ಬಸ್ಸಲ್ಲೇ ಇರಿ, ಹೋಗಿಯಮ್ಮ" ಅಂದರು. ತಪ್ಪಾಯಿತು ಅನ್ನುವ ಒಂದು ಮಾತು ಅವರ ಬಾಯಿಂದ ಬರಲಿಲ್ಲ. ಅದಕ್ಕಾಗಿ ಅಲ್ಲೇ ನಿಂತೆ. ಬರಲೇ ಇಲ್ಲ.

ಅಜ್ಜಿ ಮೇಜು ಹಿಡಿದುಕೊಂಡು ಮೆಲ್ಲಗೆ ಎದ್ದಳು. ಎದ್ದವಳಿಗೆ ಮೇಜಿನ ಆಚೆ ಸಾಹೇಬರ ಹೊಟ್ಟೆ ಪೂರ್ತಿ ಕಾಣಿಸಿತು. ಬಹಳ ಹೊತ್ತು ಅದನ್ನೇ ನೋಡಿದಳು.

"ಅಂಗಾರೆ ಇದೂ ಗಟ್ಟಿಮುಟ್ಟೇನಾ ಸಾ?" ಅಂದಳು. "ನಾನು ಬಂದಾಗ್ಲಿಂದ ದಪ್ಪ ದಪ್ಪ ಅಂದ್ಕಂಡು ಕುಂತಿದ್ದೆ. ತಪ್ಪಾಯ್ತು ಕಣಪ್ಪ."